ಗೋಡೆ ನಮ್ಮದು, ತಂತಿ ಅವರದು: ಮನೆಗೆ ಬಿಗಿದ ಸ್ಟೇ ವೈರ್, ಬ್ರಾಕೆಟ್ ತೆಗೆಸುವುದು ಹೇಗೆ?

ಪ್ರಶ್ನೆ: ನಾವು ಎಂಟು ವರ್ಷದ ಹಿಂದೆ ಕೊಂಡ ಹಳೆಯ ಮನೆಯ ಕಾಂಪೌಂಡ್ ಒಳಗೆ, ರಸ್ತೆ ತಿರುವಿನ ಕರೆಂಟ್ ಕಂಬ ವಾಲದಂತೆ ಎಳೆದು ಹಿಡಿದ ಸ್ಟೇ ವೈರ್ ಹೂತಿದೆ. ತಾರಸಿಯ ಪ್ಯಾರಪೆಟ್‌ಗೆ ಬಡಿದಿರುವ ಕಬ್ಬಿಣದ ಬ್ರಾಕೆಟ್‌ನಿಂದ ಹಿಂದಿನ ಎರಡು ಮನೆಗಳಿಗೆ ಕರೆಂಟ್ ಕೊಡುವ ಸರ್ವಿಸ್ ವೈರ್ ಹೋಗುತ್ತದೆ. ಆ ಜಾಗದಲ್ಲೇ ಪ್ಯಾರಪೆಟ್ ಬಿರುಕು ಬಿಟ್ಟಿದೆ. ಸಾಲದ್ದಕ್ಕೆ ಇಂಟರ್ನೆಟ್ ಕೇಬಲ್‌ನವರು ಹೇಳದೆ ಕೇಳದೆ ಗೋಡೆಗೊಂದು ಡಬ್ಬಿ ಜಡಿದಿದ್ದಾರೆ. ಈಗ ಮೊದಲ ಮಹಡಿ ಕಟ್ಟಿಸಬೇಕು. ಕೇಳಿದರೆ ಮಾರ್ಗದಾಳು (ಲೈನ್‌ಮನ್), "ಇಷ್ಟು ವರ್ಷದಿಂದ ಇದೆ, ಈಗ ತೆಗೆಯೋಕೆ ಬರಲ್ಲ. ಬೇಕಾದ್ರೆ ಪೂರ್ತಿ ಖರ್ಚು ನೀವೇ ಕಟ್ಟಿ" ಅನ್ನುತ್ತಾರೆ. ಇದು ಸರಿಯೇ?

ಉತ್ತರ: "ಇಷ್ಟು ವರ್ಷದಿಂದ ಇದೆ" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. "ಖರ್ಚು ನೀವೇ ಕಟ್ಟಿ" ಎಂಬ ಮಾತು ಮಾತ್ರ ಸ್ವಲ್ಪ ನಿಜ ಆಗಬಹುದು, ಆಗದೆಯೂ ಇರಬಹುದು. ಈ ಉಪಕರಣಗಳನ್ನು ನಿಮ್ಮ ಜಾಗದಲ್ಲಿ ಕಾನೂನುಬದ್ಧವಾಗಿ ಹಾಕಿದ್ದರೇ ಇಲ್ಲವೇ ಎಂಬುದರ ಮೇಲೆ ಅದು ನಿಂತಿದೆ. ಆದ್ದರಿಂದ ತೆಗೆಸುವ ಮಾತಿಗಿಂತ ಮೊದಲು ಅದನ್ನು ಪತ್ತೆ ಮಾಡಬೇಕು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಗೋಡೆ ನಿಮ್ಮದಾದರೂ ಅದರ ಮೇಲಿರುವ ತಂತಿ, ಬ್ರಾಕೆಟ್, ಸ್ಟೇ ಎಲ್ಲವೂ ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂನ ಆಸ್ತಿ. ವಿದ್ಯುಚ್ಛಕ್ತಿ ಕಾಯ್ದೆ 2003ರ 136ನೇ ಕಲಂ ಪ್ರಕಾರ ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ತಂತಿ ಅಥವಾ ಸಾಮಗ್ರಿಯನ್ನು ಕತ್ತರಿಸಿ ತೆಗೆಯುವುದು ಅಪರಾಧ. ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಮೀಟರ್ ಮುಟ್ಟಿದರೆ 138ನೇ ಕಲಂ ಇದೆ. ಶಿಕ್ಷೆಗಿಂತ ದೊಡ್ಡ ಭಯ ಸ್ಟೇ ವೈರಿನದು. ಸಾಲು ತಿರುಗುವ ಅಥವಾ ಕೊನೆಯಾಗುವ ಕಂಬವನ್ನು ತಂತಿಗಳೆಲ್ಲ ಒಂದೇ ದಿಕ್ಕಿಗೆ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರು ನಿಂತಿರುವುದು ಸ್ಟೇ ಒಂದೇ. ಅದನ್ನು ಸಡಿಲಿಸಿದರೆ ಕಂಬ ಅಂದೇ ಬೀಳಬೇಕೆಂದಿಲ್ಲ. ಮಳೆಯಲ್ಲಿ ಬುಡದ ಮಣ್ಣು ಮೆದುವಾದಾಗ ವಾಲುತ್ತದೆ, ತಂತಿ ಜೋತುಬಿದ್ದು ಯಾರದೋ ತಲೆಯೆತ್ತರಕ್ಕೆ ಬರುತ್ತದೆ. ಕತ್ತರಿಸದೆ, ಬರೀ ಪಾಯ ತೋಡಿದರೂ ಇದೇ ಆಪತ್ತು. ಸ್ಟೇ ರಾಡಿನ ತುದಿಯಲ್ಲಿರುವ ಪ್ಲೇಟನ್ನು ಹಿಡಿದಿಟ್ಟಿರುವುದು ಅದರ ಮೇಲಿನ ಮಣ್ಣಿನ ಭಾರ. ಆ ಮಣ್ಣನ್ನೇ ತೋಡಿ ತೆಗೆದರೆ ರಾಡ್ ಎದ್ದು ಬರುತ್ತದೆ. ನಿಮ್ಮ ಮೇಸ್ತ್ರಿಗೆ ಇದನ್ನು ಮೊದಲೇ ತಿಳಿಸಿಬಿಡಿ.

ಈಗ ಹಕ್ಕಿನ ಮಾತು. ಕಾಯ್ದೆಯ 67ನೇ ಕಲಂ ವಿದ್ಯುತ್ ಕಂಪನಿಗೆ ತಂತಿ ಎಳೆಯುವ, ರಸ್ತೆ ಅಗೆಯುವ ಅಧಿಕಾರ ಕೊಡುತ್ತದೆ. ಅದೇ ಕಲಮಿನ 3ನೇ ಉಪಕಲಂ, ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎನ್ನುತ್ತದೆ. ಖಾಸಗಿ ಕಟ್ಟಡ, ಜಮೀನಿನ ಮೇಲೆ ಹೇಗೆ ಕೆಲಸ ಮಾಡಬೇಕೆಂಬುದು ಕೇಂದ್ರ ಸರ್ಕಾರದ 2006ರ ಪರವಾನಗಿದಾರರ ಕಾಮಗಾರಿ ನಿಯಮಗಳಲ್ಲಿದೆ. ನಿಮಗೆ ಬೇಕಾದದ್ದು ಅದರ 3ನೇ ನಿಯಮ. ಕಟ್ಟಡದ ಒಳಗಾಗಲಿ, ಮೂಲಕವಾಗಲಿ, ಗೋಡೆಗೆ ತಾಗಿಸಿಯಾಗಲಿ ಹೊಸದಾಗಿ ತಂತಿ ಹಾಕಲು ಮಾಲೀಕರ ಅಥವಾ ವಾಸವಿರುವವರ ಪೂರ್ವಸಮ್ಮತಿ ಬೇಕು. ಅವರು ಆಕ್ಷೇಪಿಸಿದರೆ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯಿಂದ ಕಂಪನಿ ಲಿಖಿತ ಅನುಮತಿ ತರಬೇಕು. ಹಾಗೆ ಆದೇಶ ಮಾಡುವ ಅಧಿಕಾರಿ ಮಾಲೀಕರಿಗೆ ಎಷ್ಟು ಪರಿಹಾರ ಅಥವಾ ವಾರ್ಷಿಕ ಬಾಡಿಗೆ, ಇಲ್ಲವೇ ಎರಡನ್ನೂ ಕೊಡಬೇಕೆಂದು ನಿಗದಿ ಮಾಡಬೇಕು. ಕಂಬದ ಸ್ಟೇಗೆ ಬಾಡಿಗೆ ಕೇಳಬಹುದು ಎಂಬುದೇ ಹೆಚ್ಚಿನ ಮನೆಮಾಲೀಕರಿಗೆ ಗೊತ್ತಿಲ್ಲ.

ಅದೇ ನಿಯಮದ ಮತ್ತೊಂದು ವಾಕ್ಯ ನಿಮ್ಮ ಮಾರ್ಗದಾಳುವಿನ ಮಾತಿಗೆ ನೇರ ಉತ್ತರ. ಕಾಮಗಾರಿ ಮುಗಿದ ಮೇಲೆ "ಯಾವುದೇ ಸಮಯದಲ್ಲಿ" ಮಾಲೀಕರು ಸಾಕಷ್ಟು ಕಾರಣ ತೋರಿಸಿದರೆ, ಆ ತಂತಿ, ಆಧಾರ, ಸ್ಟೇ ಅಥವಾ ಸ್ಟ್ರಟ್ (ಓರೆಯಾಗಿ ಒತ್ತು ಕೊಡುವ ಆಸರೆ ಕಂಬ) ಅನ್ನು ತೆಗೆಯಬೇಕೆಂದೋ ಬದಲಾಯಿಸಬೇಕೆಂದೋ ಅದೇ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಯಾವುದೇ ಸಮಯ ಎಂದರೆ ಎಂಟು ವರ್ಷವೂ ಹೌದು, ಮೂವತ್ತು ವರ್ಷವೂ ಹೌದು. ಇದು ಹೊಸ ಕೊಡುಗೆಯೂ ಅಲ್ಲ. 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯ್ದೆಯ 12ನೇ ಕಲಮಿನಲ್ಲೂ ಸ್ಟೇ, ಸ್ಟ್ರಟ್‌ಗಳ ಬಗ್ಗೆ ಹೆಚ್ಚುಕಡಿಮೆ ಇದೇ ಮಾತಿತ್ತು. ಹಾಗಾಗಿ "ಇದು ಹಳೇ ಕಾಲದ ಲೈನು, ಆಗ ಈ ನಿಯಮ ಇರಲಿಲ್ಲ" ಎಂದರೆ ಒಪ್ಪಬೇಡಿ.

ಈ ರಕ್ಷಣೆಗೆ ಎರಡು ಮಿತಿಗಳಿವೆ. 164ನೇ ಕಲಮಿನಡಿ ಟೆಲಿಗ್ರಾಫ್ ಪ್ರಾಧಿಕಾರದ ಅಧಿಕಾರ ಪಡೆದ ದೊಡ್ಡ ಪ್ರಸರಣ ಮಾರ್ಗಗಳಿಗೆ ಈ ಸಮ್ಮತಿಯ ನಿಯಮ ಅಡ್ಡ ಬರುವುದಿಲ್ಲ. 2016ರಲ್ಲಿ ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು. ಅಂಥಲ್ಲಿ ಉಳಿಯುವುದು ಪರಿಹಾರದ ಹಕ್ಕು. ನಿಮ್ಮ ಬೀದಿಯ ಕಡಿಮೆ ವೋಲ್ಟೇಜಿನ ಎಲ್‌ಟಿ ಕಂಬ ಆ ಜಾತಿಯದಲ್ಲ. ಎರಡನೆಯ ಮಿತಿ ನಿಮ್ಮದೇ ಸಂಪರ್ಕದ್ದು. ನಿಮ್ಮ ಮನೆಗೆ ಬರುವ ಸರ್ವಿಸ್ ವೈರ್, ಕಟೌಟ್, ಮೀಟರ್‌ಗೆ ಜಾಗ ಕೊಡುವುದಾಗಿ ಅರ್ಜಿ ಮತ್ತು ಕರಾರಿಗೆ ಸಹಿ ಹಾಕಿದಾಗಲೇ ಒಪ್ಪಿದ್ದೀರಿ. ಅದಕ್ಕೆ ಬಾಡಿಗೆ ಇಲ್ಲ. ಹಿಂದಿನ ಎರಡು ಮನೆಗಳ ವೈರ್ ಬೇರೆ ವಿಷಯ. ಅದಕ್ಕೆ ನಿಮ್ಮ ಕರಾರು ಸಂಬಂಧಿಸುವುದಿಲ್ಲ.

ಇನ್ನು ಒಪ್ಪಿಗೆ ಇತ್ತೇ ಎಂಬ ಪ್ರಶ್ನೆ. ಹಿಂದಿನ ಮಾಲೀಕರು ಬರೆದುಕೊಟ್ಟಿದ್ದರೆ ಉಪಕರಣ "ಕಾನೂನುಬದ್ಧವಾಗಿ ಹಾಕಿದ್ದು" ಆಗುತ್ತದೆ; ಮನೆ ಕೊಂಡ ನಿಮಗೆ ಅದು ಜೊತೆಗೇ ಬಂದಿರುತ್ತದೆ. ಬರೆದುಕೊಟ್ಟಿದ್ದರೇ ಎಂದು ತಿಳಿಯಲು ಮಾಹಿತಿ ಹಕ್ಕು ಕಾಯ್ದೆ 2005ರಡಿ ಉಪವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು. ಉದ್ದ ಬರೆದು ಅದೇ ನೆಪಕ್ಕೆ ತಿರಸ್ಕಾರವಾಗುವ ಅರ್ಜಿಗಳಿವೆ. ಕಂಬದ ಸಂಖ್ಯೆ, ಟ್ರಾನ್ಸ್‌ಫಾರ್ಮರ್ ಸಂಖ್ಯೆ, ನಿಮ್ಮ ಆರ್‌.ಆರ್. ಸಂಖ್ಯೆ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ನಮೂದಿಸಿ ಮೂರೇ ದಾಖಲೆ ಕೇಳಿ: ಆ ಸ್ಟೇ ಮತ್ತು ಬ್ರಾಕೆಟ್ ಹಾಕಲು ಪಡೆದ ಮಾಲೀಕರ ಸಮ್ಮತಿಪತ್ರ ಅಥವಾ ದಂಡಾಧಿಕಾರಿಯ ಆದೇಶದ ಪ್ರತಿ, ಕಾಮಗಾರಿಯ ಅಂದಾಜುಪಟ್ಟಿ ಮತ್ತು ನಕ್ಷೆ, ಹಿಂದಿನ ಎರಡು ಸಂಪರ್ಕಗಳಿಗೆ ಸರ್ವಿಸ್ ವೈರ್ ಎಳೆದ ಮಾರ್ಗದ ದಾಖಲೆ. "ಕಡತದಲ್ಲಿ ಲಭ್ಯವಿಲ್ಲ" ಎಂದು ಬಂದರೆ ಬೇಸರಪಡಬೇಡಿ. ಸಮ್ಮತಿಪತ್ರ ತಮ್ಮಲ್ಲಿಲ್ಲ ಎಂದು ಅವರೇ ಬರೆದುಕೊಟ್ಟಂತಾಯಿತು. ಮುಂದೆ ಖರ್ಚಿನ ಜಗಳದಲ್ಲಿ ಆ ಒಂದು ಸಾಲೇ ನಿಮ್ಮ ಬಲ.

ಕಾಗದ ಬರುವವರೆಗೆ ಸ್ಥಳವನ್ನು ಕಣ್ಣಿನಿಂದ ಅಳೆಯಿರಿ, ಕೈಯಿಂದಲ್ಲ. ತಂತಿಯ ಹತ್ತಿರ ಲೋಹದ ಟೇಪಾಗಲಿ ಕೋಲಾಗಲಿ ಒಯ್ಯಬೇಡಿ. ದೂರದಿಂದ ಅಳೆಯುವ ಲೇಸರ್ ಮೀಟರ್ ಸಾಕು, ಇಲ್ಲವೇ ಪಕ್ಕದ ಗೋಡೆಯ ಇಟ್ಟಿಗೆ ಸಾಲು ಎಣಿಸಿ ಅಂದಾಜಿಸಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯ ಲೆಕ್ಕ ಹೀಗಿದೆ: 650 ವೋಲ್ಟ್ ಮೀರದ ತಂತಿ ಕಟ್ಟಡದ ಮೇಲೆ ಹಾದರೆ ಅತಿ ಎತ್ತರದ ಜಾಗದಿಂದ ಲಂಬವಾಗಿ 2.5 ಮೀಟರ್, ಪಕ್ಕದಲ್ಲಿ ಹಾದರೆ ಅಡ್ಡಲಾಗಿ 1.2 ಮೀಟರ್ ಅಂತರ ಬೇಕು. 11 ಕೆವಿ (11 ಸಾವಿರ ವೋಲ್ಟ್) ತಂತಿಗೆ ಮೇಲೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. 33 ಕೆವಿ ಆದರೆ ಮೇಲೆ ಅಷ್ಟೇ, ಪಕ್ಕಕ್ಕೆ 2 ಮೀಟರ್. ಲಂಬ ಅಂತರವನ್ನು ತಂತಿ ಅತಿ ಹೆಚ್ಚು ಜೋತಾಗಿನ ಸ್ಥಿತಿಗೆ, ಅಡ್ಡ ಅಂತರವನ್ನು ಗಾಳಿಗೆ ಅತಿ ಹೆಚ್ಚು ತೂಗಿದಾಗಿನ ಸ್ಥಿತಿಗೆ ಲೆಕ್ಕ ಹಾಕಬೇಕು. ಬೇಸಿಗೆ ಮಧ್ಯಾಹ್ನ ಕಾದ ತಂತಿ ಬೆಳಗಿನದಕ್ಕಿಂತ ಕೆಳಗಿರುತ್ತದೆ. ಫೋಟೋ ಆಗಲೇ ತೆಗೆಯಿರಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಈ ಅಂತರ ಮುಖ್ಯವಾಗಿ ಬರಿ ತಂತಿಗೆ. ಸರ್ವಿಸ್ ವೈರ್‌ನಂತೆ ಇನ್ಸುಲೇಷನ್ ಇದ್ದು, ಅರ್ತ್ ಮಾಡಿದ (ನೆಲಕ್ಕೆ ಜೋಡಿಸಿದ), ಭಾರ ಹೊರುವ ಬೇರರ್ ವೈರ್‌ಗೆ ಅಲ್ಲಲ್ಲಿ ಕಟ್ಟಿದ್ದರೆ, 2.5 ಮೀಟರ್ ಇಲ್ಲದಿದ್ದರೂ ನಿಯಮ ಒಪ್ಪುತ್ತದೆ. ನಿಮ್ಮ ಪ್ಯಾರಪೆಟ್ ಮೇಲಿನ ವೈರ್ ಬಗ್ಗೆ "ಅಂತರ ಇಲ್ಲ" ಎಂದಷ್ಟೇ ದೂರಿದರೆ ಎಂಜಿನಿಯರ್ ಒಂದೇ ಸಾಲಿನಲ್ಲಿ ತಳ್ಳಿಹಾಕಬಹುದು. ಬದಲಿಗೆ ಬೇರೆ ಮೂರು ಅಂಶ ನೋಡಿ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಹೊರಕವಚ ಸೀಳಿದೆಯೇ? ಬೇರರ್ ವೈರ್ ತುಕ್ಕು ಹಿಡಿದು ತುಂಡಾಗಿ, ಭಾರವೆಲ್ಲ ವಿದ್ಯುತ್ ವೈರಿನ ಮೇಲೇ ಬಿದ್ದಿದೆಯೇ? ಬೇರರ್‌ಗೆ ಅರ್ತ್ ಸಂಪರ್ಕ ಇದೆಯೇ? ಬೇರರ್‌ಗೆ ಅರ್ತ್ ಇಲ್ಲದೆ ವೈರಿನ ಕವಚ ಒಂದು ಕಡೆ ಹರಿದರೂ ಬ್ರಾಕೆಟ್‌ಗೆ ಕರೆಂಟ್ ಬಂದು, ಒದ್ದೆ ಪ್ಯಾರಪೆಟ್ ಮುಟ್ಟಿದವರಿಗೆ ಹೊಡೆಯುತ್ತದೆ. ಸ್ಟೇ ವೈರಿಗೂ ಇದೇ ಮಾತು. ಅದಕ್ಕೆ ಅರ್ತ್ ಇರಬೇಕು, ಇಲ್ಲವೇ ನೆಲದಿಂದ 3 ಮೀಟರ್‌ಗೆ ಕಡಿಮೆಯಿಲ್ಲದ ಎತ್ತರದಲ್ಲಿ ಪಿಂಗಾಣಿಯ ಮೊಟ್ಟೆಯಾಕಾರದ ಇನ್ಸುಲೇಟರ್ ಇರಬೇಕು. ಎರಡೂ ಇಲ್ಲದ ಸ್ಟೇ ನಿಮ್ಮ ಕಾಂಪೌಂಡಿನಲ್ಲಿದ್ದರೆ ಕಟ್ಟಡದ ಕೆಲಸಕ್ಕೆ ಕಾಯದೆ ಇಂದೇ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಬಟ್ಟೆ ಒಣಹಾಕುವ ತಂತಿಯನ್ನು ಸ್ಟೇಗೆ ಕಟ್ಟಿದ್ದರೆ ಅದನ್ನು ಇವತ್ತೇ ಬಿಚ್ಚಿಬಿಡಿ.

ಪ್ಯಾರಪೆಟ್ ಬಿರುಕಿಗೆ ಕಾರಣ ಊಹಿಸುವುದು ಕಷ್ಟವಲ್ಲ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ತನ್ನ ಭಾರ ಹೊರುತ್ತದೆ, ಅಡ್ಡ ಎಳೆತ ತಡೆಯದು. ಬಿಗಿದ ಬೇರರ್ ವೈರ್ ಹಗಲಿರುಳು ಅದನ್ನು ಒಂದೇ ಕಡೆಗೆ ಎಳೆಯುತ್ತದೆ. ಬ್ರಾಕೆಟ್ ಬೋಲ್ಟಿನ ಸುತ್ತ ನೀರಿಳಿದು ಕಬ್ಬಿಣ ತುಕ್ಕಿನಿಂದ ಉಬ್ಬಿ ಗಾರೆ ಒಡೆಯುತ್ತದೆ. ಗ್ರಾಹಕರ ಆವರಣದಲ್ಲಿರುವ ತನ್ನ ತಂತಿ, ಉಪಕರಣಗಳನ್ನು ಸುರಕ್ಷಿತ ಸ್ಥಿತಿಯಲ್ಲಿಡುವುದು ಸರಬರಾಜುದಾರನ ಹೊಣೆ ಎಂದು ಅದೇ ಸುರಕ್ಷತಾ ನಿಯಮಾವಳಿ ಹೇಳುತ್ತದೆ. ಹಾನಿ ತುಂಬಿಕೊಡುವುದು 67(3)ರ ಪ್ರಕಾರ ಅವರ ಕರ್ತವ್ಯ. ಬಿರುಕು ಮುಚ್ಚಿಸುವ ಮುನ್ನ ಅಳತೆಗೋಲು ಇಟ್ಟು ಫೋಟೋ ತೆಗೆದು, ಒಬ್ಬ ಸಿವಿಲ್ ಎಂಜಿನಿಯರರಿಂದ ಒಂದು ಪುಟದ ವರದಿ ಮತ್ತು ದುರಸ್ತಿ ಅಂದಾಜು ಬರೆಸಿಕೊಳ್ಳಿ. ಮುಚ್ಚಿದ ಬಿರುಕಿಗೆ ಪರಿಹಾರ ಸಿಗುವುದು ಕಷ್ಟ.

ಮೊದಲ ಮಹಡಿಯ ವಿಷಯ ಪ್ರತ್ಯೇಕ ಅರ್ಜಿಯಾಗಲಿ. ತಂತಿಯ ಹತ್ತಿರ ಕಟ್ಟಡ ಕಟ್ಟುವ ಅಥವಾ ಎತ್ತರಿಸುವ ಮುನ್ನ ಇಬ್ಬರಿಗೆ ಲಿಖಿತ ಸೂಚನೆ ಕೊಡಬೇಕೆಂದು ಸುರಕ್ಷತಾ ನಿಯಮಾವಳಿ ಹೇಳುತ್ತದೆ: ಎಸ್ಕಾಂಗೆ ಮತ್ತು ಸರ್ಕಾರದ ವಿದ್ಯುತ್ ಪರಿವೀಕ್ಷಕರಿಗೆ (ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್). ಎರಡನೆಯವರಿಗೆ ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಆ ಮರೆವೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ. ಸೂಚನೆ ಬಂದ ಮೇಲೆ ಎಸ್ಕಾಂ ಮೊದಲು ಪರಿಶೀಲಿಸಬೇಕಾದದ್ದು, ತನ್ನ ಮಾರ್ಗ ನಿಯಮದಂತೆ ಹಾಕಿದ್ದೇ, ಬದಲಾಯಿಸುವ ಖರ್ಚಿಗೆ ಕಟ್ಟುವವರು ಹೊಣೆಯೇ ಎಂಬುದನ್ನು. ಹೊಣೆ ಎಂದಾದರೆ ಅಂದಾಜುಪಟ್ಟಿ ಸಮೇತ ನೋಟಿಸ್ ಕೊಡಬೇಕು. ನಿಮ್ಮ ಮಾಹಿತಿ ಹಕ್ಕಿನ ಉತ್ತರ ಕೆಲಸಕ್ಕೆ ಬರುವುದು ಇಲ್ಲಿ. ಸಮ್ಮತಿಯಿಲ್ಲದೆ ಹಾಕಿದ ಸ್ಟೇ ಆದರೆ ಖರ್ಚು ನಿಮ್ಮದಲ್ಲ ಎಂದು ವಾದಿಸಿ. ಸರಿಯಾಗಿ ಹಾಕಿದ ರಸ್ತೆಯ ತಂತಿ, ನೀವು ಕಟ್ಟುತ್ತಿರುವ ಕಾರಣಕ್ಕೇ ಸರಿಯಬೇಕಾಗಿದ್ದರೆ ಖರ್ಚು ನಿಮ್ಮದೇ. ಅಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ಆದರೆ ಪಟ್ಟಿಯನ್ನು ಸಾಲುಸಾಲಾಗಿ ಓದಿ. ಬಿಚ್ಚಿದ ಹಳೆಯ ಕಂಬ, ತಂತಿ, ಸಾಮಗ್ರಿಯ ಸವಕಳಿ ಕಳೆದ ಬೆಲೆಯನ್ನು ನಿಮ್ಮ ಲೆಕ್ಕಕ್ಕೆ ಜಮಾ ಮಾಡಬೇಕು. ಆ ಸಾಲೇ ಇಲ್ಲದ ಪಟ್ಟಿಗಳು ಬರುತ್ತವೆ. ಖರ್ಚಿನ ಬಗ್ಗೆ ವಿವಾದವಾದರೆ ವಿದ್ಯುತ್ ಪರಿವೀಕ್ಷಕರ ಮುಂದೆ ಹೋಗಬಹುದು. ಅಂತರ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ತಂತಿಯ ಪಕ್ಕದ ಕೆಲಸ ಶುರು ಮಾಡಬೇಡಿ. ಸರಳುಗಳನ್ನು ತಾರಸಿಗೆ ಏರಿಸುವಾಗ ಉದ್ದ ಸರಳು ತಿರುಗಿ ತಂತಿಗೆ ತಾಗಿದರೆ, ಹಿಡಿದವನು ಕೈ ಬಿಡಲೂ ಸಮಯವಿರುವುದಿಲ್ಲ.

ಅರ್ಜಿ ಬರೆಯುವ ರೀತಿಯೂ ಫಲಿತಾಂಶ ಬದಲಿಸುತ್ತದೆ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರಿಗೆ ಬರೆಯಿರಿ, ಶಾಖಾಧಿಕಾರಿಗೆ ಪ್ರತಿ ಕೊಡಿ, ಸ್ವೀಕೃತಿ ಮೊಹರು ಇಲ್ಲದೆ ಹೊರಗೆ ಬರಬೇಡಿ. "ಸ್ಟೇ ತೆಗೆಯಿರಿ" ಎಂದಷ್ಟೇ ಬರೆದರೆ "ತಾಂತ್ರಿಕವಾಗಿ ಸಾಧ್ಯವಿಲ್ಲ" ಎಂದು ಬರುತ್ತದೆ, ಏಕೆಂದರೆ ಆ ಕಂಬಕ್ಕೆ ಆಧಾರ ಬೇಕೇ ಬೇಕು. ಬದಲಿ ದಾರಿಯನ್ನು ನೀವೇ ಸೂಚಿಸಿ. ಎಳೆತದ ಕಡೆಯಿಂದ ಓರೆಯಾಗಿ ಒತ್ತು ಕೊಡುವ ಸ್ಟ್ರಟ್ ಕಂಬ ರಸ್ತೆಯಂಚಿನಲ್ಲೇ ನಿಲ್ಲಬಹುದು. ಜಾಗ ಕಿರಿದಾದರೆ ಕಂಬದ ಬುಡದ ಹತ್ತಿರವೇ ಇಳಿಯುವ ಬೋ ಗೈ ಇದೆ. ರಸ್ತೆಯ ಆಚೆ ಬದಿಯ ಗಿಡ್ಡ ಕಂಬಕ್ಕೆ ಅಡ್ಡಲಾಗಿ ಹೋಗುವ ಫ್ಲೈಯಿಂಗ್ ಸ್ಟೇ ಇದೆ. ಸ್ಟೇ ಬೇಡದ ಭಾರಿ ಉಕ್ಕಿನ ಕಂಬ ನಾಲ್ಕನೆಯದು. ಹಿಂದಿನ ಮನೆಗಳ ಸರ್ವಿಸ್‌ಗೆ, ರಸ್ತೆ ಕಂಬದಿಂದ ಅವರವರ ಜಾಗದಲ್ಲೇ ಹೋಗುವ ನೆಲದಡಿ ಕೇಬಲ್ ಕೇಳಿ. ಅವರಿಗೆ ಬೇರೆ ದಾರಿಯೇ ಇಲ್ಲದಿದ್ದರೆ ನಿಮ್ಮ ಗಡಿಗುಂಟ ಪೈಪಿನಲ್ಲಿ ಕೇಬಲ್ ಹೋಗಲು ಷರತ್ತಿನ ಸಮ್ಮತಿ ಕೊಡುವುದು ನೆರೆಹೊರೆಗೂ ಒಳ್ಳೆಯದು, ನಿಮ್ಮ ತಾರಸಿಗೂ ಒಳ್ಳೆಯದು. ಆ ಸಮ್ಮತಿಪತ್ರದಲ್ಲಿ ಮಾರ್ಗದ ನಕ್ಷೆ, ಆಳ, ಮುಂದೆ ಬದಲಿಸಬೇಕಾದಾಗ ಖರ್ಚು ಯಾರದು ಎಂಬುದಿರಲಿ.

ಕಚೇರಿ ಸುಮ್ಮನಿದ್ದರೆ ಎರಡು ದಾರಿ. ಸೇವೆ, ಸುರಕ್ಷತೆ, ವಿಳಂಬದ ದೂರಿಗೆ ಎಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಇವೆರಡೂ ಕಾಯ್ದೆಯ 42ನೇ ಕಲಮಿನವು. ಉಪಕರಣ ತೆಗೆಸಲು, ಬಾಡಿಗೆ ನಿಗದಿ ಮಾಡಿಸಲು ಮಾತ್ರ ವೇದಿಕೆಯಲ್ಲಿ ಕಾಲ ಕಳೆಯದೆ ನೇರ ಜಿಲ್ಲಾಧಿಕಾರಿಗೆ, ಜಿಲ್ಲಾ ದಂಡಾಧಿಕಾರಿ ಎಂದು ಸಂಬೋಧಿಸಿ, 2006ರ ನಿಯಮಗಳ 3ನೇ ನಿಯಮ ಉಲ್ಲೇಖಿಸಿ ಬರೆಯಿರಿ. "ಸಾಕಷ್ಟು ಕಾರಣ" ಎಂಬ ಪದವನ್ನೇ ಬಳಸಿ. ನಿಮ್ಮ ಕಾರಣಗಳು: ಬಿರುಕಿನ ವರದಿ, ಅರ್ತ್ ಇಲ್ಲದಿರುವುದು, ಮಂಜೂರಾದ ಕಟ್ಟಡ ನಕ್ಷೆಗೆ ಸ್ಟೇ ಅಡ್ಡವಾಗುವುದು, ಬದಲಿ ಮಾರ್ಗ ಇರುವುದು. ಅವರ ಆದೇಶ ಒಪ್ಪಿಗೆಯಾಗದಿದ್ದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದಲ್ಲಿ ಪುನರ್‌ಪರಿಶೀಲನೆ ಕೇಳಬಹುದು. ಪರಿಹಾರದ ಮೊತ್ತದ ವಿವಾದವೂ 67(4)ರಂತೆ ಆಯೋಗಕ್ಕೇ ಹೋಗುತ್ತದೆ.

ಈ ನಡುವೆ ಎಸ್ಕಾಂ ಸಿಬ್ಬಂದಿ ಸ್ಟೇ ನೋಡಲು, ಬ್ರಾಕೆಟ್ ದುರಸ್ತಿಗೆ ಬಂದರೆ ತಡೆಯಬೇಡಿ. 163ನೇ ಕಲಂ, ವಾಸವಿರುವವರಿಗೆ ತಿಳಿಸಿ ಸೂಕ್ತ ಸಮಯದಲ್ಲಿ ಒಳಬಂದು ತಮ್ಮ ಉಪಕರಣ ಪರೀಕ್ಷಿಸುವ ಹಕ್ಕು ಅವರಿಗೆ ಕೊಟ್ಟಿದೆ. ನಿರಾಕರಿಸಿದರೆ ಲಿಖಿತ ನೋಟಿಸ್ ಕೊಟ್ಟು 24 ಗಂಟೆ ಕಳೆದ ಮೇಲೆ ನಿಮ್ಮ ಸಂಪರ್ಕವನ್ನೇ ಕಡಿತ ಮಾಡಬಹುದು. ಗುರುತಿನ ಚೀಟಿ ಕೇಳಿ, ಹೆಸರು ಮತ್ತು ಸಮಯ ಬರೆದುಕೊಳ್ಳಿ, ಒಳಗೆ ಬಿಡಿ.

ಇಂಟರ್ನೆಟ್ ಡಬ್ಬಿಯ ವಿಷಯ ಸರಳ. ಖಾಸಗಿ ಗೋಡೆಯ ಮೇಲೆ ಸಲಕರಣೆ ಇಡಲು ಕಂಪನಿ ಮಾಲೀಕರನ್ನು ಕೇಳಿ ಒಪ್ಪಂದ ಮಾಡಿಕೊಳ್ಳಬೇಕು ಎಂಬುದೇ ದೂರಸಂಪರ್ಕ ಕಾಯ್ದೆ 2023 ಹಾಕಿಕೊಟ್ಟ ದಾರಿ. ಅದರಡಿಯ ಮಾರ್ಗದ ಹಕ್ಕಿನ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ನಿಮ್ಮ ಮನೆಯವರು ಯಾರಾದರೂ "ಹಾಕ್ಕೊಳ್ಳಿ" ಎಂದಿದ್ದರೂ ಅದು ಬಾಯಿಮಾತಿನ ಪರವಾನಗಿ ಮಾತ್ರ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಅದನ್ನು ಹಿಂಪಡೆಯಬಹುದು. ಹಿಂಪಡೆದಾಗ ವಸ್ತು ತೆಗೆದುಕೊಂಡು ಹೋಗಲು ಅವರಿಗೆ ಸಮಂಜಸ ಕಾಲಾವಕಾಶ ಕೊಡಬೇಕು, ಅದು 63ನೇ ಕಲಂ. ಡಬ್ಬಿಯ ಮೇಲಿನ ಹೆಸರು, ಸಂಖ್ಯೆಯ ಫೋಟೋ ತೆಗೆದು ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ 15 ದಿನದ ನೋಟಿಸ್ ಕಳಿಸಿ. ಇದನ್ನೂ ನೀವೇ ಕತ್ತರಿಸಬೇಡಿ, ಅದರಿಂದ ಬೇರೆ ಮನೆಗಳ ಸಂಪರ್ಕ ಹೋದರೆ ನಷ್ಟದ ತಕರಾರು ನಿಮ್ಮ ಕಡೆ ತಿರುಗುತ್ತದೆ. ಡಬ್ಬಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂದೂ ನೋಡಿ. ನಿಮ್ಮ ಮೀಟರಿನ ನಂತರದ ವೈರಿನಿಂದ ಎಳೆದಿದ್ದರೆ ಬಿಲ್ ನೀವು ಕಟ್ಟುತ್ತಿದ್ದೀರಿ. ಅದು ನಿಮ್ಮ ಸ್ವಂತ ವೈರಿಂಗ್ ಆದ್ದರಿಂದ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಆ ಸಂಪರ್ಕ ತಪ್ಪಿಸಬಹುದು. ಕಂಬದಿಂದ ನೇರ ಎಳೆದಿದ್ದರೆ ಎಸ್ಕಾಂಗೆ ಅಂದೇ ಲಿಖಿತವಾಗಿ ತಿಳಿಸಿ. ನಿಮ್ಮ ಗೋಡೆಯ ಮೇಲಿನ ಅನಧಿಕೃತ ಸಂಪರ್ಕಕ್ಕೆ ಮೊದಲ ಪ್ರಶ್ನೆ ಬರುವುದು ನಿಮಗೇ.

ಅರ್ಜಿಗಳ ಕ್ರಮ ಹೀಗಿರಲಿ: ಈ ವಾರ ಮಾಹಿತಿ ಹಕ್ಕಿನ ಅರ್ಜಿ ಮತ್ತು ಸ್ಟೇ, ಬ್ರಾಕೆಟ್ ಸುರಕ್ಷತೆಯ ದೂರು. ನಕ್ಷೆ ಮಂಜೂರಾದ ದಿನವೇ ಎಸ್ಕಾಂ ಮತ್ತು ಪರಿವೀಕ್ಷಕರಿಗೆ ಕಟ್ಟಡದ ಸೂಚನೆ. ಮಾಹಿತಿ ಹಕ್ಕಿನ ಉತ್ತರ ಕೈಗೆ ಬಂದ ಮೇಲೆ, ಅದನ್ನು ಲಗತ್ತಿಸಿ ಜಿಲ್ಲಾಧಿಕಾರಿಗೆ ಮನವಿ. ಮೇಸ್ತ್ರಿಗೆ ಮುಂಗಡ ಕೊಡುವುದನ್ನು ಸ್ಟೇ ಸರಿಯುವವರೆಗೆ ತಡೆದಿಡಿ.